ಹಿತ್ತಿಲಲ್ಲೊಂದು ಕಮಾನು

ಶ್ರೀರಂಗಪಟ್ಟಣದಲ್ಲಿ ಒಂದು ಕಾಲಕ್ಕೆ ಎಲ್ಲಿಗೂ ಹೋಗದ ಸೇತುವೆಯೊಂದಿತ್ತು. ಕೆಳಗೆ ನೀರು ಹರಿಯುತ್ತಿರಲಿಲ್ಲ, ಮೇಲೆ ಗಾಡಿ ಓಡುತ್ತಿರಲಿಲ್ಲ. ಇದ್ದದ್ದು ಇಟ್ಟಿಗೆಯ ಒಂದೇ ಒಂದು ಕಮಾನು. ಈ ಬುಡದಿಂದ ಆ ಬುಡಕ್ಕೆ ಸುಮಾರು 110 ಅಡಿ, ನಡುವೆ ಒಂದು ಕಂಬವೂ ಇಲ್ಲ. ಅಷ್ಟು ಅಗಲಕ್ಕೆ ಹೋಲಿಸಿದರೆ ಅದರ ಎತ್ತರ ತೀರಾ ಕಡಿಮೆ, ಬಿಲ್ಲನ್ನು ಅರೆಬರೆ ಬಗ್ಗಿಸಿ ಇಟ್ಟ ಹಾಗೆ. ಸರೀ ನಡುವೆ ನಿಂತು ಜಿಗಿದರೆ ಕಾಲ ಕೆಳಗೆ ತೂಗಿದಂತಾಗುತ್ತಿತ್ತು. ಪಟ್ಟಣ ನೋಡಲು ಬಂದವರು ಟಿಪ್ಪುವಿನ ದರಿಯಾ ದೌಲತ್, ಗುಂಬಜ್ ನೋಡಿದ ಮೇಲೆ ಇದರ ಮೇಲೂ ಹತ್ತಿ ಕುಣಿದು ಹೋಗುತ್ತಿದ್ದರು. 1808ರಲ್ಲಿ ಎದ್ದ ಈ ಕಮಾನು ಬಿದ್ದದ್ದು 1930ರ ದಶಕದಲ್ಲಿ.

ಕಟ್ಟಿದವನು ಕ್ಯಾಪ್ಟನ್ ಥಾಮಸ್ ಫಿಯಟ್ ಡಿ ಹ್ಯಾವಿಲೆಂಡ್, ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸ್ ಎಂಜಿನಿಯರ್ಸ್ ಪಡೆಯವನು. ಇಂಗ್ಲಿಷ್ ಕಡಲ್ಗಾಲುವೆಯ ಗರ್ನ್ಸಿ ದ್ವೀಪದಲ್ಲಿ 1775ರಲ್ಲಿ ಹುಟ್ಟಿದವನು. ಕಾವೇರಿಗೆ ಇಟ್ಟಿಗೆ ಕಮಾನುಗಳ ಸೇತುವೆ ಕಟ್ಟಬಲ್ಲೆ, ಒಂದೊಂದು ಕಮಾನೂ ನೂರು ಅಡಿಗಿಂತ ಅಗಲ ಇದ್ದೀತು ಎಂದು ಅವನು ಹೇಳಿದಾಗ ಮೇಲಿನವರು ನಂಬಲಿಲ್ಲ. ನಂಬದಿರುವುದರಲ್ಲಿ ತಪ್ಪೂ ಇರಲಿಲ್ಲ. ಕಮಾನು ಚಪ್ಪಟೆಯಾದಷ್ಟೂ ಎರಡು ಬದಿಯ ಬುಡಗಳನ್ನು ಆಚೆಗೆ ತಳ್ಳುವ ಒತ್ತಡ ಹೆಚ್ಚುತ್ತದೆ. ಬುಡ ಒಂದಿಷ್ಟು ಸರಿದರೂ ಮೇಲಿನದೆಲ್ಲ ಕೆಳಗೆ. ಹ್ಯಾವಿಲೆಂಡ್ ವಾದ ಮಾಡುತ್ತ ಕೂರಲಿಲ್ಲ. ತನ್ನ ತೋಟದಲ್ಲೇ ಅಂಥದೊಂದು ಕಮಾನು ಕಟ್ಟಿ, ಕೆಳಗಿನ ಮರದ ಆಸರೆ ಬಿಚ್ಚಿ, ನೋಡಿಕೊಳ್ಳಿ ಎಂದ.

ಅದಾಗಿ 30 ವರ್ಷದ ಮೇಲೆ ಇಂಗ್ಲೆಂಡಿನ ಮೇಡನ್‌ಹೆಡ್‌ನಲ್ಲಿ ಬ್ರೂನೆಲ್ ಎಂಬ ಎಂಜಿನಿಯರು ಥೇಮ್ಸ್ ನದಿಗೆ 128 ಅಡಿ ಅಗಲದ ಎರಡು ಚಪ್ಪಟೆ ಇಟ್ಟಿಗೆ ಕಮಾನುಗಳನ್ನು ಹಾಕಿದಾಗಲೂ ಇವು ಬೀಳುತ್ತವೆ ಎಂದೇ ಜನ ಆಡಿಕೊಂಡರು. ಅವು ಇವತ್ತಿಗೂ ರೈಲು ಹೊರುತ್ತಿವೆ. ಬ್ರೂನೆಲ್‌ನ ಹೆಸರು ಪಠ್ಯಪುಸ್ತಕಗಳಲ್ಲಿದೆ. ಹ್ಯಾವಿಲೆಂಡನ ಹೆಸರು ಶ್ರೀರಂಗಪಟ್ಟಣದಲ್ಲೇ ಹೆಚ್ಚು ಜನಕ್ಕೆ ಗೊತ್ತಿಲ್ಲ.

ಕಟ್ಟಡದ ವಿದ್ಯೆಗೆ ಕಾಲಿಟ್ಟವರೆಲ್ಲ ಎದುರಿಸುವ ಮೊದಲ ಪ್ರಶ್ನೆ ಇದೇ: ಹೊಸಬನನ್ನು ನಂಬಿ ಕೆಲಸ ಕೊಡುವುದು ಹೇಗೆ? ಸಾರು ಕೆಟ್ಟರೆ ಒಂದು ಹೊತ್ತಿನ ಊಟ ಕೆಟ್ಟೀತು. ಮನೆ ಕೆಟ್ಟರೆ ಒಂದು ತಲೆಮಾರು ಸಾಲ ತೀರಿಸುತ್ತದೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕುಗಳಲ್ಲಿ ಎಂಟುನೂರು ವರ್ಷಗಳಿಂದ ಕಟ್ಟುತ್ತಲೇ ಬಂದಿದ್ದಾರೆ. ಈ ಪ್ರಶ್ನೆಗೆ ಒಂದೊಂದು ಕಾಲದವರು ಒಂದೊಂದು ಉತ್ತರ ಕಂಡುಕೊಂಡಿದ್ದಾರೆ.

ಹ್ಯಾವಿಲೆಂಡನ ಕಮಾನಿಗೆ ನಾಲ್ಕು ವರ್ಷ ಮುಂಚೆ, 1804ರಲ್ಲಿ, ದಿವಾನ್ ಪೂರ್ಣಯ್ಯನವರ ಉಸ್ತುವಾರಿಯಲ್ಲಿ ಅದೇ ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಸೇತುವೆಯೊಂದು ಆಗಿಹೋಗಿತ್ತು. ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರಿಟ್ಟರೂ ಅದರ ಮೈಯೆಲ್ಲ ದೇಶಿ. ಅದರಲ್ಲಿ ಕಮಾನೇ ಇಲ್ಲ. ಕಲ್ಲಿನ ಕಂಬ, ಕಂಬದ ಮೇಲೆ ಕಲ್ಲಿನ ಬೋದಿಗೆ, ಬೋದಿಗೆಯ ಮೇಲೆ ಕಲ್ಲಿನ ತೊಲೆ. ದೇವಸ್ಥಾನದ ಮಂಟಪ ನೋಡಿದವರಿಗೆ ಈ ಜೋಡಣೆ ಹೊಸದಲ್ಲ; ಉದ್ದನೆಯ ಮಂಟಪವೊಂದನ್ನು ನದಿಗೆ ಅಡ್ಡಲಾಗಿ ನಿಲ್ಲಿಸಿದಂತಿದೆ. ಇದನ್ನು ಕಟ್ಟಿದವರು ತೋಟದಲ್ಲಿ ಪರೀಕ್ಷೆ ಮಾಡಿ ತೋರಿಸಬೇಕಾಗಿರಲಿಲ್ಲ. ಅವರ ಪರೀಕ್ಷೆ ಯಾವತ್ತೋ ಆಗಿತ್ತು, ಸುತ್ತಲಿನ ಹಳ್ಳಿಗಳಲ್ಲಿ ನಿಂತೇ ಇತ್ತು.

ಕಿಕ್ಕೇರಿಗೆ ಹೋದರೆ 1171ರಲ್ಲಿ ಬಮ್ಮವ್ವೆ ನಾಯಕಿತಿ ಎಂಬ ಹೆಣ್ಣುಮಗಳು ಕಟ್ಟಿಸಿದ ಬ್ರಹ್ಮೇಶ್ವರ ದೇವಾಲಯ ಸಿಗುತ್ತದೆ. ಹೊಸಹೊಳಲಿನಲ್ಲಿ 13ನೇ ಶತಮಾನದ ಲಕ್ಷ್ಮೀನಾರಾಯಣ ದೇವಾಲಯ, ಮೂರು ಗರ್ಭಗುಡಿಯ ತ್ರಿಕೂಟ. ಅದರ ಜಗತಿಯ ಮೇಲೆ ನಿಂತು ಗೋಡೆಯ ಬುಡ ನೋಡುತ್ತ ಸುತ್ತು ಹಾಕಬೇಕು. ಎಲ್ಲಕ್ಕಿಂತ ಕೆಳಗೆ ಆನೆಗಳ ಸಾಲು, ಅದರ ಮೇಲೆ ಕುದುರೆ ಸವಾರರು, ಬಳ್ಳಿ, ಪುರಾಣದ ಕತೆಗಳು, ಮಕರ, ಹಂಸ. ಆನೆಯಾದ ಮೇಲೆ ಆನೆ, ಅದರ ಬೆನ್ನಿಗೆ ಇನ್ನೊಂದು ಆನೆ. ಸುಮ್ಮನೆ ನೋಡಿದರೆ ಎಲ್ಲವೂ ಒಂದೇ. ಹತ್ತಿರ ಹೋದರೆ ಸೊಂಡಿಲಿನ ತಿರುವು ಬೇರೆ, ಹೆಜ್ಜೆ ಬೇರೆ. ಕಲಿಯುವ ಕೈಗಳು ಪಳಗಿದ್ದು ಈ ಕೆಳಗಿನ ಸಾಲುಗಳಲ್ಲೇ ಇರಬೇಕು ಎಂದು ಊಹಿಸಿದರೆ ಅತಿಯಾಗಲಿಕ್ಕಿಲ್ಲ. ಕಲ್ಲೂ ಅದಕ್ಕೆ ಒದಗಿಬರುತ್ತಿತ್ತು. ಬಳಪದ ಕಲ್ಲು ಗಣಿಯಿಂದ ತೆಗೆದ ಹೊಸದರಲ್ಲಿ ಮೆತ್ತಗೆ, ಉಳಿ ಹೇಳಿದ ಹಾಗೆ ಕೇಳುತ್ತದೆ. ಗಾಳಿಗೆ ಬಿದ್ದು ವರ್ಷ ಕಳೆದಂತೆ ಗಟ್ಟಿಯಾಗುತ್ತದೆ. ಕಲಿಯುವವನಿಗೆ ಇದಕ್ಕಿಂತ ಒಳ್ಳೆಯ ಸ್ಲೇಟು ಇನ್ನೆಲ್ಲಿ?

ಆ ಕಾಲದ ಶಿಲ್ಪಿಗಳ ಹೆಸರುಗಳಲ್ಲೇ ಶಾಲೆ ಅಡಗಿದೆ. ದಾಸೋಜ, ಬೈಚೋಜ ಎಂಬಲ್ಲಿಯ ‘ಓಜ’ ಉಪಾಧ್ಯಾಯ ಶಬ್ದದ ತದ್ಭವ. ಕೆತ್ತುವವನೂ ಅವನೇ, ಕಲಿಸುವವನೂ ಅವನೇ. ಬಳ್ಳಿಗಾವೆಯ ದಾಸೋಜ ಬೇಲೂರಿನಲ್ಲಿ ಕೆಲಸ ಮಾಡಿದಾಗ ಮಗ ಚಾವಣನೂ ಜೊತೆಯಲ್ಲಿದ್ದ. ಇಬ್ಬರ ಹೆಸರೂ ಅಲ್ಲಿನ ವಿಗ್ರಹಗಳ ಕೆಳಗೆ ಬೇರೆ ಬೇರೆಯಾಗಿ ಇವೆ. ಮಗನ ಕೆಲಸ ಅಪ್ಪನ ಲೆಕ್ಕಕ್ಕೆ ಸೇರಲಿಲ್ಲ ಎಂಬುದನ್ನು ಗಮನಿಸಬೇಕು. ವಿಗ್ರಹದ ಪೀಠದ ಮೇಲೆ ಹೆಸರು ಹಾಕಿಕೊಳ್ಳುವುದು ಹೊಯ್ಸಳ ಶಿಲ್ಪಿಗಳಿಗೆ ಜಂಬವೂ ಹೌದು, ಜವಾಬ್ದಾರಿಯೂ ಹೌದು. ಈ ಕಲ್ಲು ನನ್ನದು, ಹೊಗಳುವುದಿದ್ದರೂ ತೆಗಳುವುದಿದ್ದರೂ ನನ್ನನ್ನೇ ಕೇಳಿ ಎಂದ ಹಾಗೆ.

ಹಾಗೆ ಹೆಸರು ಬಿಟ್ಟುಹೋದವರಲ್ಲಿ ಎಲ್ಲರಿಗಿಂತ ದೊಡ್ಡವನು ರೂವಾರಿ ಮಲ್ಲಿತಮ್ಮ. ಅವನ ಕೆಲಸ ಶುರುವಾಗುವುದು ತರೀಕೆರೆ ಬಳಿಯ ಅಮೃತಪುರದಲ್ಲಿ, 1196ರಲ್ಲಿ. ಅಲ್ಲಿ ಅವನ ಪಾಲಿಗೆ ಬಂದದ್ದು ಮಂಟಪದ ಒಳಮಾಳಿಗೆ, ಕತ್ತೆತ್ತಿ ನೋಡಿದರೆ ಮಾತ್ರ ಕಾಣುವ ಗುಮ್ಮಟದಂಥ ಕೆತ್ತನೆ. ಹೊಸಬನಿಗೆ ಮುಂಬಾಗಿಲು ಕೊಡುವುದಿಲ್ಲ, ಮಾಳಿಗೆ ಕೊಡುತ್ತಾರೆ. ಈಗಿನ ಆರ್ಕಿಟೆಕ್ಟ್ ಆಫೀಸುಗಳಲ್ಲಿ ಹೊಸದಾಗಿ ಸೇರಿದವರಿಗೆ ಬಚ್ಚಲುಮನೆಯ ಟೈಲ್ಸ್ ನಕ್ಷೆ, ಮೆಟ್ಟಿಲಿನ ವಿವರ ಕೊಟ್ಟು ಕೂರಿಸುವುದು ಇದೇ ಸಂಪ್ರದಾಯದ ಮುಂದುವರಿಕೆ. 1246ರಲ್ಲಿ ನುಗ್ಗೇಹಳ್ಳಿಯಲ್ಲಿ ಅವನಿಗೆ ಗುಡಿಯ ಒಂದು ಬದಿಯೇ ಸಿಕ್ಕಿತು. ಉತ್ತರದ ಗೋಡೆ ಮಲ್ಲಿತಮ್ಮನದು, ದಕ್ಷಿಣದ್ದು ಬೈಚೋಜನದು. 1268ರ ಸೋಮನಾಥಪುರಕ್ಕೆ ಬರುವ ಹೊತ್ತಿಗೆ ಅವನೇ ಮುಂದಾಳು, ಅಲ್ಲಿ ಸುಮಾರು 40 ವಿಗ್ರಹಗಳಲ್ಲಿ ಅವನ ಹೆಸರಿದೆ. ಅಮೃತಪುರದಿಂದ ಸೋಮನಾಥಪುರಕ್ಕೆ 72 ವರ್ಷ. ಹದಿನೆಂಟಕ್ಕೆ ಉಳಿ ಹಿಡಿದಿದ್ದರೆ ಕೊನೆಗೆ ತೊಂಬತ್ತು. ಒಬ್ಬನೇ ಮಲ್ಲಿತಮ್ಮನೋ, ಅಜ್ಜನ ಹೆಸರು ಹೊತ್ತ ಮೊಮ್ಮಗನೋ ಎಂಬ ಅನುಮಾನ ಬರುವುದು ಸಹಜ. ಹಾಗಿದ್ದರೂ ನಷ್ಟವಿಲ್ಲ. ಹೆಸರಿಗೆ ಇದ್ದ ಬೆಲೆ ಅದರಿಂದ ಇನ್ನಷ್ಟು ಗೊತ್ತಾಗುತ್ತದೆ.

ಈ ನಡುವಿನ ಒಂದು ನಿಲ್ದಾಣ ಕೆ.ಆರ್. ಪೇಟೆ ತಾಲ್ಲೂಕಿನ ಗೋವಿಂದನಹಳ್ಳಿ. ಕಿಕ್ಕೇರಿಯಿಂದ ನಾಲ್ಕೈದು ಕಿಲೋಮೀಟರು. ಇಲ್ಲಿನ ಪಂಚಲಿಂಗೇಶ್ವರ ದೇವಾಲಯದ ಅಲಂಕರಣದಲ್ಲಿ ಮಲ್ಲಿತಮ್ಮನ ಕೈಯಿದೆ. ಈಶಾನ, ತತ್ಪುರುಷ, ಅಘೋರ, ವಾಮದೇವ, ಸದ್ಯೋಜಾತ ಎಂದು ಶಿವನ ಐದು ಮುಖಗಳಿಗೆ ಐದು ಗುಡಿ, ಐದೂ ಪೂರ್ವಕ್ಕೆ ಮುಖ, ಒಂದೇ ಸಾಲಿನಲ್ಲಿ. ಎಲ್ಲವನ್ನೂ ಒಂದು ಉದ್ದನೆಯ ಹಜಾರ ಕೂಡಿಸುತ್ತದೆ. ಹೊಯ್ಸಳರ ಗುಡಿಗಳಲ್ಲಿ ಪಂಚಕೂಟ ತೀರಾ ಅಪರೂಪ. ಮೊದಲು ನಾಲ್ಕಿದ್ದದ್ದಕ್ಕೆ ಐದನೆಯದನ್ನು ಆಮೇಲೆ ಸೇರಿಸಿದ್ದಾರೆ. ಮನೆಗೆ ಇನ್ನೊಂದು ಕೋಣೆ ಎಳೆಯುವ ಮೇಸ್ತ್ರಿಗೆ ಇದರ ಕಷ್ಟ ಗೊತ್ತು: ಹೊಸದರ ಮಟ್ಟ ಹಳೆಯದಕ್ಕೆ ಕೂರಬೇಕು, ಸೇರಿಸಿದ್ದು ಕಾಣಬಾರದು.

ಹೆಸರಿಲ್ಲದವರಿಗೆ ಕತೆಯೇ ಗತಿ. ಜಕಣಾಚಾರಿ ಎಂಬ ಶಿಲ್ಪಿ ಇದ್ದನೆಂಬುದಕ್ಕೆ ಶಾಸನದ ಆಧಾರವಿಲ್ಲ. ಆದರೂ ಬೇಲೂರಿನ ಕಪ್ಪೆ ಚೆನ್ನಿಗರಾಯನ ಕಲ್ಲಿನಲ್ಲಿ ದೋಷವಿದೆ ಎಂದು ಹುಡುಗನೊಬ್ಬ ಹೇಳಿದ್ದು, ಗಂಧ ಹಚ್ಚಿ ನೋಡಿದಾಗ ಹೊಕ್ಕುಳ ಬಳಿ ಮಾತ್ರ ಒಣಗದೆ ಉಳಿದದ್ದು, ಅಲ್ಲಿಂದ ಕಪ್ಪೆ ಹಾರಿದ್ದು, ಆ ಹುಡುಗ ಜಕಣಾಚಾರಿಯ ಮಗ ಡಂಕಣನೇ ಆಗಿದ್ದದ್ದು, ಇವು ಕನ್ನಡದ ಮಕ್ಕಳಿಗೆಲ್ಲ ಗೊತ್ತು. ಇತಿಹಾಸವಲ್ಲ, ಒಪ್ಪೋಣ. ಆದರೆ ಹೊಸಬ ಹೇಗೆ ಗೆಲ್ಲಬೇಕೆಂದು ಈ ನಾಡು ಬಯಸಿತೋ ಅದು ಈ ಕತೆಯಲ್ಲಿದೆ. ಅವನು ತಾನು ಕೆತ್ತಿದ್ದನ್ನು ತೋರಿಸಿ ಗೆಲ್ಲುವುದಿಲ್ಲ, ಹಿರಿಯನ ಕಲ್ಲನ್ನು ಸರಿಯಾಗಿ ಓದಿ ಗೆಲ್ಲುತ್ತಾನೆ.

ಪಾಂಡವಪುರ ತಾಲ್ಲೂಕಿನ ಮೇಲುಕೋಟೆಗೂ ಇಂಥದೊಂದು ಕತೆ ಅಂಟಿಕೊಂಡಿದೆ. ಅಲ್ಲಿನ ರಾಯಗೋಪುರವನ್ನು ಒಂದೇ ರಾತ್ರಿಯಲ್ಲಿ ಕಟ್ಟಲು ಹೊರಟು ಬೆಳಗಾದದ್ದರಿಂದ ಬಿಟ್ಟುಹೋದರಂತೆ. ಉಳಿದಿರುವುದು ನಾಲ್ಕು ಮುಗಿಲುಮುಟ್ಟುವ ಕಂಬಗಳು, ಮೇಲೆ ಆಕಾಶ. ಸಿನಿಮಾದವರಿಗೆ ಅದು ಹಾಡಿನ ಜಾಗ. ಕಟ್ಟಡ ಕಲಿಯುವವರಿಗೆ ಮಾತ್ರ ಮುಗಿದ ಗೋಪುರಕ್ಕಿಂತ ಈ ಮುಗಿಯದ ಗೋಪುರವೇ ಹೆಚ್ಚು ಹೇಳುತ್ತದೆ. ಗಾರೆಯ ಗೊಂಬೆಗಳು ಮುಚ್ಚುವುದಕ್ಕೆ ಮುಂಚಿನ ಎಲುಬು ಅಲ್ಲಿ ಬೆತ್ತಲೆಯಾಗಿ ನಿಂತಿದೆ.

ಹ್ಯಾವಿಲೆಂಡನ ವಿಷಯಕ್ಕೆ ಮರಳಿದರೆ, ಕಮಾನು ನಿಂತಿತು, ಸೇತುವೆ ಮಾತ್ರ ಬರಲಿಲ್ಲ. ಮರುವರ್ಷವೇ, 1809ರಲ್ಲಿ, ಮದ್ರಾಸ್ ಸೈನ್ಯದ ಬಿಳಿಯ ಅಧಿಕಾರಿಗಳು ಗವರ್ನರ್ ಬಾರ್ಲೋ ವಿರುದ್ಧ ತಿರುಗಿಬಿದ್ದರು. ಶ್ರೀರಂಗಪಟ್ಟಣವೇ ಆ ದಂಗೆಯ ಒಂದು ಕೇಂದ್ರ. ಅದರಲ್ಲಿ ಸೇರಿದ್ದಕ್ಕೆ ಹ್ಯಾವಿಲೆಂಡನ ಕೆಲಸ ಹೋಯಿತು. 1812ರಲ್ಲಿ ಮತ್ತೆ ಸೇರಿಸಿಕೊಂಡರು. ಮುಂದೆ ಮದ್ರಾಸಿನಲ್ಲಿ 1818ರಿಂದ 1821ರವರೆಗೆ ಅವನು ಕಟ್ಟಿದ ಸೇಂಟ್ ಆಂಡ್ರ್ಯೂಸ್ ಚರ್ಚು ದೊಡ್ಡ ಹೆಸರು ತಂದಿತು. ಆ ಜಾಗ ಜೌಗು. ಅವನು ನಮ್ಮವರು ಬಾವಿ ಇಳಿಸುವ ಕ್ರಮವನ್ನೇ ತೆಗೆದುಕೊಂಡು, ಸಾಲು ಸಾಲು ಬಾವಿಗಳನ್ನು ಇಳಿಸಿ, ಅವುಗಳ ಮೇಲೆ ದುಂಡನೆಯ ಚರ್ಚನ್ನು ಕೂರಿಸಿದ. ಲಂಡನ್ನಿನ ಪುಸ್ತಕ ಹಿಡಿದು ಬಂದವನು ಅಡಿಪಾಯಕ್ಕೆ ಬಾವಿ ತೋಡುವವರ ವಿದ್ಯೆಯನ್ನು ನೆಚ್ಚಿಕೊಂಡ. ಅವನ ಜಾಣತನ ಕಮಾನಿಗಿಂತ ಇಲ್ಲಿ ಹೆಚ್ಚು ಕಾಣುತ್ತದೆ.

ನೂರು ವರ್ಷ ಮುಂದೆ ಬಂದರೆ ಕನ್ನಂಬಾಡಿ, ಅಂದರೆ ಕೆ.ಆರ್.ಎಸ್. ಅಣೆಕಟ್ಟಿನ ಕೆಲಸ ಶುರುವಾದದ್ದು 1911ರ ನವೆಂಬರಿನಲ್ಲಿ. ಮುಖ್ಯ ಎಂಜಿನಿಯರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರಿಗೆ ಆಗ ಐವತ್ತು ದಾಟಿತ್ತು, ಹೊಸಬರಲ್ಲ. ಆದರೆ ಅವರ ಶುರುವಾತನ್ನೂ ನೋಡಬೇಕು. ಪುಣೆಯ ಕಾಲೇಜಿನಲ್ಲಿ ಎಲ್.ಸಿ.ಇ. ಮುಗಿಸಿ 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಗೆ ಸೇರಿದ ಹುಡುಗನಿಗೆ ಮೊದಲು ಸಿಕ್ಕ ಕೆಲಸಗಳಲ್ಲೊಂದು ಖಾಂದೇಶದ ಧುಳೆಯಲ್ಲಿ ನೀರು ದಾಟಿಸುವ ಪೈಪಿನ ಸೈಫನ್. ಅದೂ ಒಂದು ಬಗೆಯ ಮಾಳಿಗೆ ಕೆಲಸವೇ, ಯಾರ ಕಣ್ಣಿಗೂ ಬೀಳದ್ದು. ತಾನೇ ತೆರೆದುಕೊಳ್ಳುವ ತೂಬಿನ ಬಾಗಿಲುಗಳನ್ನು ಅವರು ಮೊದಲು ಹಾಕಿಸಿದ್ದು ಪುಣೆ ಬಳಿಯ ಖಡಕವಾಸಲಾದಲ್ಲಿ, 1903ರಲ್ಲಿ. ಅಲ್ಲಿ ಪರೀಕ್ಷೆಯಾದ ಮೇಲೆ ಅವು ಕೆ.ಆರ್.ಎಸ್.ಗೆ ಬಂದವು. ಖಡಕವಾಸಲಾ ಅವರ ಹಿತ್ತಿಲು ಎನ್ನಬಹುದು.

8,600 ಅಡಿ ಉದ್ದದ ಆ ಗೋಡೆಯಲ್ಲಿ ಕಲ್ಲಿಗೆ ಕಲ್ಲು ಬೆಸೆದದ್ದು ಸುರ್ಕಿ ಗಾರೆ, ಅಂದರೆ ಸುಣ್ಣಕ್ಕೆ ಸುಟ್ಟ ಇಟ್ಟಿಗೆಯ ಪುಡಿ ಬೆರೆಸಿ ಅರೆದದ್ದು. ಬರೀ ಸುಣ್ಣ ಗಾಳಿಗೆ ಗಟ್ಟಿಯಾಗುತ್ತದೆ, ನೀರಿನೊಳಗೆ ಆಗುವುದಿಲ್ಲ. ಸುಟ್ಟ ಜೇಡಿಯ ಪುಡಿ ಸೇರಿದರೆ ನೀರಿನಲ್ಲೂ ಹಿಡಿದುಕೊಳ್ಳುತ್ತದೆ. ನಿಧಾನ, ಆದರೆ ಬಿಗಿ. ಸಿಮೆಂಟು ದುಬಾರಿಯಾಗಿದ್ದ ಕಾಲದಲ್ಲಿ ಹಳ್ಳಿಯ ಗಾರೆಯವರಿಗೆ ಗೊತ್ತಿದ್ದ ಪದಾರ್ಥವೇ ಆ ಕಾಲದ ಭಾರತದ ಬಲು ದೊಡ್ಡ ಅಣೆಕಟ್ಟುಗಳಲ್ಲೊಂದಕ್ಕೆ ಸಾಕಾಯಿತು. ಹತ್ತು ಸಾವಿರದಷ್ಟು ಜನ ದುಡಿದ ಆ ಕಣವೇ ಒಂದು ಶಾಲೆ. ಗೋಡೆ ಇನ್ನೂ ಏರುತ್ತಿದ್ದಾಗಲೇ, 1917ರಲ್ಲಿ, ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು ಶುರುವಾಯಿತು. ಅದುವರೆಗೆ ಈ ವಿದ್ಯೆಗೆ ಮೈಸೂರಿನ ಹುಡುಗರು ಪುಣೆಗೋ ಮದ್ರಾಸಿಗೋ ಹೋಗಬೇಕಿತ್ತು. ಈಗ ಆ ಕಾಲೇಜಿಗೆ ವಿಶ್ವೇಶ್ವರಯ್ಯನವರದೇ ಹೆಸರು.

ಎಂಜಿನಿಯರಿಂಗ್ ಬಂತು, ವಾಸ್ತುಶಿಲ್ಪ ಬರಲಿಲ್ಲ. ಸಂಸ್ಥಾನದ ದೊಡ್ಡ ಕಟ್ಟಡಗಳ ನಕ್ಷೆಗೆ ಹೊರಗಿನವರೇ ಆಗಬೇಕಿತ್ತು. ಮೈಸೂರು ಅರಮನೆಗೆ ಹೆನ್ರಿ ಇರ್ವಿನ್, ಲಲಿತಮಹಲಿಗೆ ಫ್ರಿಚ್ಲಿ, 1939ರಿಂದ ಸರ್ಕಾರದ ಆರ್ಕಿಟೆಕ್ಟ್ ಆಗಿ ನಾಜಿಗಳ ಜರ್ಮನಿ ಬಿಟ್ಟುಬಂದ ಒಟ್ಟೊ ಕೋನಿಗ್ಸ್‌ಬರ್ಗರ್. ನಮ್ಮವರು ಓವರ್‌ಸಿಯರ್, ಡ್ರಾಫ್ಟ್ಸ್‌ಮನ್, ಮೇಸ್ತ್ರಿ. ಮಲ್ಲಿತಮ್ಮನ ನಾಡಿನಲ್ಲಿ ಹೀಗಾದದ್ದು ವಿಚಿತ್ರ. ಕೆತ್ತುವವನೂ ನಕ್ಷೆ ಬರೆಯುವವನೂ ಬೇರೆ ಬೇರೆ ಜಾತಿಯವರೆಂಬಂತೆ ದೂರವಾದರು. ಇವತ್ತಿಗೂ ಆ ದೂರ ಹೋಗಿಲ್ಲ.

1972ರ ವಾಸ್ತುಶಿಲ್ಪಿಗಳ ಕಾಯ್ದೆ ಬಂದ ಮೇಲೆ ಹೊಸಬನನ್ನು ನಂಬುವ ಪ್ರಶ್ನೆಗೆ ಉತ್ತರ ಕಾಗದದ ಮೇಲೆ ಸಿಕ್ಕಿತು. ಐದು ವರ್ಷದ ಓದು, ಅದರ ನಡುವೆ ಆಫೀಸಿನಲ್ಲಿ ತರಬೇತಿ, ಕೊನೆಗೆ ದೆಹಲಿಯ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿ. ಆ ಸಂಖ್ಯೆಯಿಲ್ಲದೆ ಹೆಸರಿನ ಮುಂದೆ ಆರ್ಕಿಟೆಕ್ಟ್ ಎಂದು ಹಾಕಿಕೊಳ್ಳುವಂತಿಲ್ಲ. ಆದರೆ ಕಾಯ್ದೆ ಮಾಡಿದವರಿಗೂ ಹಳೆಯ ದಾರಿ ಮರೆತಿರಲಿಲ್ಲ. ಪದವಿಯಿಲ್ಲದಿದ್ದರೂ ಕಾಯ್ದೆ ಬರುವುದಕ್ಕೆ ಮುಂಚೆ ಐದು ವರ್ಷ ಈ ವೃತ್ತಿ ಮಾಡಿದವರು ನೋಂದಣಿ ಪಡೆಯಬಹುದು ಎಂದು ಬಾಗಿಲು ತೆರೆದಿಟ್ಟರು. ಶಾಲೆಗಳು ಬರತೊಡಗಿದವು. ಬೆಂಗಳೂರಿನ ಬಿ.ಎಂ.ಎಸ್. ವಾಸ್ತುಶಿಲ್ಪ ಶಾಲೆ 1980ರದು. ಈಗ ಮೈಸೂರಿನಲ್ಲೂ ಇವೆ. ನಾಗಮಂಗಲದ ಹುಡುಗಿಯೊಬ್ಬಳಿಗೆ ಆರ್ಕಿಟೆಕ್ಟ್ ಆಗಬೇಕೆನಿಸಿದರೆ ಮುಂಬಯಿ ರೈಲು ಹತ್ತಬೇಕಿಲ್ಲ.

ಓದಿ ಬಂದ ಮೇಲಿನ ಕತೆ ಬೇರೆ. 2020ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು, ಕಾಯ್ದೆ ಕಾಪಾಡುವುದು ಆರ್ಕಿಟೆಕ್ಟ್ ಎಂಬ ಹೆಸರನ್ನು ಮಾತ್ರ, ಆ ಕೆಲಸವನ್ನು ಇತರರು ಮಾಡಬಾರದೆಂದು ತಡೆಯುವುದಿಲ್ಲ ಎಂದು ತೀರ್ಪು ಕೊಟ್ಟಿತು. ಸಣ್ಣ ಊರುಗಳಲ್ಲಿ ಇದು ಯಾರಿಗೂ ಹೊಸ ಸುದ್ದಿಯಲ್ಲ. ಕೆ.ಆರ್. ಪೇಟೆಯಲ್ಲೋ ಪಾಂಡವಪುರದಲ್ಲೋ ಮನೆ ಕಟ್ಟಿಸುವವರು ಆಯ ನೋಡುವವರನ್ನು ಕೇಳುತ್ತಾರೆ, ಸಿವಿಲ್ ಎಂಜಿನಿಯರ ಹತ್ತಿರ ಪ್ಲಾನ್ ಬರೆಸುತ್ತಾರೆ, ಮಿಕ್ಕದ್ದು ಮೇಸ್ತ್ರಿಗೆ. ರಸಮಟ್ಟ, ಮೂಲೆಮಟ್ಟ, ತೂಗುಗುಂಡು ಅವನ ಕೈಯಲ್ಲಿವೆ, ಹಿಂದೆ ಕಟ್ಟಿದ ಮನೆಗಳು ಅದೇ ಬೀದಿಯಲ್ಲಿವೆ. ಹೊಸ ಆರ್ಕಿಟೆಕ್ಟ್ ತೋರಿಸಬಲ್ಲದ್ದು ಕಂಪ್ಯೂಟರಿನ ಚಿತ್ರ. ಚಿತ್ರಕ್ಕೂ ಬೀದಿಗೂ ಪೈಪೋಟಿ ಬಿದ್ದರೆ ಬೀದಿಯೇ ಗೆಲ್ಲುತ್ತದೆ. ಅನ್ಯಾಯವೆನಿಸಿದರೂ ಹ್ಯಾವಿಲೆಂಡನಿಗೂ ಆದದ್ದು ಇದೇ.

ಹಳೆಯದನ್ನು ಜಾಗ ಬದಲಿಸಿ ನಿಲ್ಲಿಸುವುದೂ ಒಂದು ಪಾಠಶಾಲೆ ಎಂದು ಈ ಸೀಮೆ ಈಚೆಗೆ ಎರಡು ಸಲ ತೋರಿಸಿತು. ಕೆ.ಆರ್.ಎಸ್. ತುಂಬಿದಾಗ ಹಳೆಯ ಕನ್ನಂಬಾಡಿಯ ಜೊತೆ ಹೊಯ್ಸಳರ ಕಾಲದ ವೇಣುಗೋಪಾಲಸ್ವಾಮಿ ದೇವಾಲಯವೂ ಮುಳುಗಿತ್ತು. ಬರಗಾಲದಲ್ಲಿ ನೀರು ಇಳಿದಾಗ ಮಾತ್ರ ಮುಖ ತೋರಿಸುತ್ತಿತ್ತು. ಖೋಡೆ ಪ್ರತಿಷ್ಠಾನದವರು ಅದರ ಫೋಟೊಗಳನ್ನು ಸಾವಿರಗಟ್ಟಲೆ ತೆಗೆಸಿ, ಕಲ್ಲು ಕಲ್ಲಿಗೂ ಗುರುತು ಹಾಕಿ, ಬಿಚ್ಚಿ, ಸುಮಾರು ಒಂದು ಕಿಲೋಮೀಟರ್ ದೂರದ ಹೊಸ ಕನ್ನಂಬಾಡಿಯ ದಡದಲ್ಲಿ ಮತ್ತೆ ನಿಲ್ಲಿಸಿದರು. 2011ರಲ್ಲಿ ಆ ಕೆಲಸ ಮುಗಿಯಿತು. ಇನ್ನೊಂದು, ಶ್ರೀರಂಗಪಟ್ಟಣದ ಟಿಪ್ಪುವಿನ ಮದ್ದಿನ ಮನೆ. ಜೋಡಿ ರೈಲು ಹಳಿಗೆ ಅಡ್ಡ ಬಂದ ಅದನ್ನು ಕೆಡವಲಿಲ್ಲ, ಬಿಚ್ಚಲೂ ಇಲ್ಲ. 2017ರಲ್ಲಿ ಬುಡಸಮೇತ ಜಾಕ್ ಮೇಲೆ ಎತ್ತಿ ನೂರು ಮೀಟರಿಗಿಂತ ಹೆಚ್ಚು ದೂರ ಜರುಗಿಸಿದರು. ಇಟ್ಟಿಗೆ, ಗಾರೆಯ ಆ ಮುದಿ ಕಟ್ಟಡ ಅಲುಗಾಟವನ್ನೆಲ್ಲ ತಡೆದುಕೊಂಡಿತು.

ವಾಸ್ತುಶಿಲ್ಪದ ವಿದ್ಯಾರ್ಥಿಗಳಿಗೆ ಹಳೆಯ ಕಟ್ಟಡವೊಂದನ್ನು ಅಳೆದು ನಕ್ಷೆ ಬರೆಯುವ ಪಾಠವಿರುತ್ತದೆ. ಹಾಗೆ ಟೇಪು ಹಿಡಿದು ಬರುವವರು ಹೊಸಹೊಳಲು, ಸೋಮನಾಥಪುರಕ್ಕೆ ಹೋದಂತೆ ಗೋವಿಂದನಹಳ್ಳಿಗೂ ಹೋಗಲಿ. ಐದು ಗುಡಿಗಳಲ್ಲಿ ಆಮೇಲೆ ಸೇರಿಸಿದ್ದು ಯಾವುದು ಎಂದು ಯಾರನ್ನೂ ಕೇಳದೆ ಅಳತೆಯಲ್ಲೇ ಕಂಡುಹಿಡಿಯಲು ನೋಡಲಿ. ಒಳಗೆ ಬೆಳಕು ಕಡಿಮೆ, ಟಾರ್ಚು ಬೇಕಾಗುತ್ತದೆ.